ಮಗುವನ್ನು ನಾಟಕಕ್ಕೆ ಕರೆದೊಯ್ಯುವುದು ಯಾವಾಗ?

ಸಂಘದ ನಾಟಕದ ಆಮಂತ್ರಣ ಪತ್ರಿಕೆಗಳನ್ನು ಹಂಚುವ ದಿನಗಳಲ್ಲಿ ನಮ್ಮ ಉಚಿತ ವಾಚನಾಲಯದ ಮೇಜಿನ ಮುಂದೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: “ಮಗುವಿಗೆ ಮೂರು ತುಂಬಿದೆ, ಕರೆದುಕೊಂಡು ಬರಬಹುದೇ?” ಕೆಲವರ ಮಗುವಿಗೆ ನಾಲ್ಕು, ಕೆಲವರದಕ್ಕೆ ಎರಡೂವರೆ. ಕೇಳುವವರಿಗೆ ಬೇಕಾಗಿರುವುದು ಒಂದು ಸಂಖ್ಯೆ. ಗಿರಣಿಯ ಕಚೇರಿಯಲ್ಲಿ ಹಗಲೆಲ್ಲ ಅಂಕಿಗಳನ್ನೇ ಬರೆಯುವ ನಮಗೂ ಸಂಖ್ಯೆಯೆಂದರೆ ಪ್ರೀತಿಯೇ ಸರಿ. ಆದರೂ ಈ ಒಂದು ಲೆಕ್ಕದಲ್ಲಿ ವಯಸ್ಸಿನ ಅಂಕಿಯನ್ನು ನಂಬಿ ಕುಳಿತರೆ ಜಮೆ ಖರ್ಚು ತಾಳೆಯಾಗುವುದಿಲ್ಲ. ಮಗು ಸಿದ್ಧವಾಗಿದೆಯೇ ಎಂದು ಕೇಳುವಾಗ ನಾಟಕ ಸಿದ್ಧವಾಗಿದೆಯೇ, ಸಭಾಗೃಹ ಸಿದ್ಧವಾಗಿದೆಯೇ, ಜೊತೆಯಲ್ಲಿ ಬರುವ ದೊಡ್ಡವರು ಸಿದ್ಧರಾಗಿದ್ದಾರೆಯೇ ಎಂದೂ ಕೇಳಬೇಕಾಗುತ್ತದೆ.

ಕರಾವಳಿಯಿಂದ ಬಂದ ಹಿರಿಯ ಸದಸ್ಯರು ಈ ಪ್ರಶ್ನೆಯನ್ನು ಕೇಳಿ ನಗುವುದುಂಟು. ಊರಿನ ಬಯಲಾಟದಲ್ಲಿ ಮಗುವಿನ ವಯಸ್ಸನ್ನು ವಿಚಾರಿಸಿದವರೇ ಇಲ್ಲ. ಗದ್ದೆಯ ಕೊಯ್ಲು ಮುಗಿದು ಮೇಳ ಬಂತೆಂದರೆ ಮನೆಮಂದಿಯೆಲ್ಲ ಚಾಪೆ ಹೊದಿಕೆಗಳ ಸಮೇತ ಹೊರಟುಬಿಡುವರು. ತೊಟ್ಟಿಲ ಕೂಸೂ ಹೊರಟಿತು. ಆಟದ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲರು ಬರುತ್ತಾರೆ. ಅವು ಕಲಿಯುವ ಹುಡುಗರು ಹಾಕುವ ವೇಷಗಳು. ಮಕ್ಕಳು ಎಚ್ಚರವಾಗಿರುವಷ್ಟು ಹೊತ್ತು ರಂಗದ ಮೇಲೆಯೂ ಹೆಚ್ಚುಕಡಿಮೆ ಮಕ್ಕಳೇ. ಪ್ರಸಂಗ ಬಲಿತು ಅರ್ಥಗಾರಿಕೆ ದೀರ್ಘವಾಗುವಷ್ಟರಲ್ಲಿ ಚಿಕ್ಕವರು ಚಾಪೆಯ ಮೇಲೆ ನಿದ್ದೆ ಹೋಗಿರುತ್ತಾರೆ. ಹಾಸ್ಯಗಾರ ಬಂದಾಗ ಯಾರೋ ತಟ್ಟಿ ಎಬ್ಬಿಸುತ್ತಾರೆ. ಅತ್ತರೆ ತಾಯಿ ಎತ್ತಿಕೊಂಡು ಕಡಲೆ ಮಾರುವವನ ದೀಪದವರೆಗೆ ಹೋಗಿ ಬರುತ್ತಾಳೆ. ಅದರಿಂದ ಭಾಗವತರ ಪದಕ್ಕಾಗಲಿ ಚೆಂಡೆಗಾಗಲಿ ಯಾವ ಬಾಧೆಯೂ ಇಲ್ಲ. ಅಲ್ಲಿ ಮಗು ಸಿದ್ಧವಾಗಿತ್ತೆಂದು ಹೇಳುವುದಕ್ಕಿಂತ ಬಯಲು ಸಿದ್ಧವಾಗಿತ್ತೆಂದು ಹೇಳುವುದು ಹೆಚ್ಚು ಸರಿ.

ಮುಂಬಯಿಯ ಸಭಾಗೃಹದ ಸಂಗತಿ ಬೇರೆ. ಇಲ್ಲಿ ಕುರ್ಚಿಗಳು ಸಾಲಾಗಿ ಕೂಡಿಕೊಂಡಿವೆ. ನಡುವೆ ಕುಳಿತವರು ಏಳಬೇಕಾದರೆ ಹತ್ತು ಜನರ ಮೊಣಕಾಲು ದಾಟಬೇಕು. ದೀಪ ಆರುತ್ತದೆ, ಬಾಗಿಲು ಮುಚ್ಚುತ್ತದೆ, ಧ್ವನಿವರ್ಧಕ ಗುಡುಗುತ್ತದೆ. ನಾಟಕದ ದಿನ ಬಾಗಿಲಲ್ಲಿ ನಿಂತು ಟಿಕೆಟು ಹರಿಯುವ ಕೆಲಸ ನಮ್ಮದಾದುದರಿಂದ ಒಂದು ಸಂಗತಿ ನಮಗೆ ಕಂಡುಬಂದಿದೆ. ಅಳುತ್ತ ಹೊರಗೆ ಬರುವ ಮಕ್ಕಳಲ್ಲಿ ಹೆಚ್ಚಿನವು ಬರುವುದು ರಾಕ್ಷಸನ ಪ್ರವೇಶವಾದಾಗ ಅಲ್ಲ, ಮೊದಲ ಐದು ನಿಮಿಷಗಳಲ್ಲಿ, ದೀಪ ಆರಿದೊಡನೆ. ಅವು ನಾಟಕಕ್ಕೆ ಹೆದರಿದುದಲ್ಲ, ಕತ್ತಲೆಗೆ ಹೆದರಿದುದು.

ಹೀಗಿರಲಾಗಿ ಕೆಲವು ಸಂಸ್ಥೆಗಳು ಸುಲಭದ ದಾರಿ ಹಿಡಿದು, ಐದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲವೆಂದು ಆಮಂತ್ರಣ ಪತ್ರಿಕೆಯ ಅಡಿಯಲ್ಲಿ ಅಚ್ಚು ಹಾಕಿಸುತ್ತವೆ. ರಂಗದ ಮೇಲೆ ದುಡಿಯುವವರ ಕಷ್ಟ ನಮಗೆ ತಿಳಿಯದ್ದಲ್ಲ. ಆರು ತಿಂಗಳು ತಾಲೀಮು ನಡೆಸಿ ಸಿದ್ಧಪಡಿಸಿದ ಕರುಣರಸದ ದೃಶ್ಯದ ನಡುವೆ ಮಗುವೊಂದು ಚಕ್ಕುಲಿ ಕೇಳಿದರೆ ನಟನಿಗೆ ಹೇಗಾದೀತು! ಆದರೆ ಆ ಒಂದು ಸಾಲಿನ ನಿಜವಾದ ಅರ್ಥವೇನೆಂಬುದನ್ನೂ ವಿಚಾರ ಮಾಡಬೇಕು. ಊರಿನಲ್ಲಾದರೆ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಬರಬಹುದು. ಇಲ್ಲಿಯ ಒಂದು ಕೋಣೆಯ ಸಂಸಾರದಲ್ಲಿ ಅಜ್ಜಿ ಎಲ್ಲಿಂದ ಬರಬೇಕು? ಮಗುವಿಗೆ ಪ್ರವೇಶವಿಲ್ಲವೆಂದರೆ ತಾಯಿಗೆ ಪ್ರವೇಶವಿಲ್ಲವೆಂದೇ ಅರ್ಥ. ಎರಡು ಮಕ್ಕಳಿದ್ದರೆ ಏಳೆಂಟು ವರ್ಷ ಆಕೆ ಒಂದು ಕನ್ನಡ ನಾಟಕವನ್ನೂ ಕಾಣಲಾರಳು.

ಇನ್ನು ಮಗುವಿನ ಮನಸ್ಸಿನ ವಿಷಯಕ್ಕೆ ಬರೋಣ. ನಾಟಕ ನೋಡಲು ಬೇಕಾದ ಮುಖ್ಯ ಶಕ್ತಿ ಸುಮ್ಮನೆ ಕೂರುವುದಲ್ಲ. ಒಂದು ವಸ್ತುವನ್ನು ಏಕಕಾಲದಲ್ಲಿ ಎರಡಾಗಿ ಕಾಣುವುದು: ಈತ ಮಹಿಷಾಸುರನೂ ಹೌದು, ವೇಷ ಹಾಕಿದ ಮನುಷ್ಯನೂ ಹೌದು. ದೊಡ್ಡವರಾದ ನಮಗೆ ಇದು ಉಸಿರಾಡಿದಷ್ಟು ಸಹಜವಾದುದರಿಂದ ಮಗುವಿಗೂ ಹಾಗೆಯೇ ಎಂದು ತಿಳಿಯುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ರೀಟಾ ಡಿವ್ರೀಸ್ ಎಂಬವರು ೧೯೬೯ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಇಲ್ಲಿ ತುಂಬ ಉಪಯುಕ್ತವಾದುದು. ಮೇನಾರ್ಡ್ ಎಂಬ ಹೆಸರಿನ ಸಾಧು ಬೆಕ್ಕೊಂದನ್ನು ಮೂರರಿಂದ ಆರು ವರ್ಷದ ಮಕ್ಕಳಿಗೆ ತೋರಿಸಿದರು. ಮಕ್ಕಳು ಅದನ್ನು ಮುಟ್ಟಿದರು, ಸವರಿದರು. ಬಳಿಕ ಬೆಕ್ಕಿನ ಮುಂಭಾಗವನ್ನು ಮಾತ್ರ ಮರೆಮಾಡಿ, ಬಾಲದ ಭಾಗ ಕಾಣುತ್ತಿರುವಂತೆಯೇ, ಅದರ ಮುಖಕ್ಕೆ ಉಗ್ರವಾದ ನಾಯಿಯ ಮುಖವಾಡ ತೊಡಿಸಿ ಮತ್ತೆ ತೋರಿಸಿದರು. ಇದು ಈಗ ಯಾವ ಪ್ರಾಣಿ, ಬೊಗಳಬಲ್ಲುದೇ ಎಂದು ಕೇಳಿದರು. ಆರು ವರ್ಷದವರು ಸಾಮಾನ್ಯವಾಗಿ ಇದು ಬೆಕ್ಕೇ, ಮುಖವಾಡ ಹಾಕಿದ್ದೀರಿ ಎಂದರು. ಮೂರು ವರ್ಷದ ಮಕ್ಕಳಲ್ಲಿ ಅನೇಕರು ಅದು ನಾಯಿಯೇ ಆಗಿಬಿಟ್ಟಿತೆಂದು ಉತ್ತರ ಕೊಟ್ಟರು. ಬಾಲ ಕಣ್ಣ ಮುಂದೆಯೇ ಇತ್ತು, ಬೆಕ್ಕು ಅಲ್ಲಿಂದ ಕದಲಿರಲಿಲ್ಲ. ಆದರೂ ಮುಖ ಬದಲಾಯಿತೆಂದರೆ ಅವರಿಗೆ ಜೀವವೇ ಬದಲಾದಂತೆ.

ಅಷ್ಟಮಿಯ ಅಥವಾ ನವರಾತ್ರಿಯ ಹುಲಿವೇಷವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪರಿಚಯದ ಯುವಕನೇ ಬಣ್ಣ ಬಳಿದುಕೊಂಡು ತಾಸೆಯ ಗತಿಗೆ ಕುಣಿಯುತ್ತ ಬರುತ್ತಾನೆ. ಏಳು ವರ್ಷದ ಹುಡುಗ ಅವನ ಹಿಂದೆ ಓಡುತ್ತಾನೆ. ಮೂರು ವರ್ಷದವನು ತಾಯಿಯ ಸೆರಗಿನೊಳಗೆ ಸೇರುತ್ತಾನೆ. ‘ಹೆದರಬೇಡವೋ, ಅದು ನಮ್ಮ ಪಕ್ಕದ ಮನೆಯ ಅಣ್ಣ’ ಎಂದು ತಾಯಿ ಹೇಳಿದರೆ ಭಯ ಇಮ್ಮಡಿಯಾಗುವುದೂ ಉಂಟು. ಪಕ್ಕದ ಮನೆಯ ಅಣ್ಣ ಹುಲಿಯಾಗಬಹುದಾದರೆ ಇನ್ನು ಯಾರನ್ನು ನಂಬುವುದು?

ಆದುದರಿಂದ, ಚೌಕಿಗೆ ಕರೆದೊಯ್ದು ಬಣ್ಣ ಹಾಕುವುದನ್ನು ತೋರಿಸಿದರೆ ಹೆದರಿಕೆ ಹೋಗುತ್ತದೆಂಬ ಮಾತನ್ನು ಸ್ವಲ್ಪ ಎಚ್ಚರಿಕೆಯಿಂದ ಸ್ವೀಕರಿಸಬೇಕು. ಐದಾರು ವರ್ಷದ ಮಗುವಿಗೆ ಅದು ಒಳ್ಳೆಯ ಔಷಧ. ಅಕ್ಕಿಹಿಟ್ಟಿನ ಚಿಟ್ಟಿಯನ್ನು ಒಂದೊಂದಾಗಿ ಮುಖದ ಮೇಲೆ ಕೂರಿಸುವುದನ್ನು ಕಂಡ ಮಗು ರಂಗದಲ್ಲಿ ರಾಕ್ಷಸನನ್ನು ನೋಡಿ, ‘ನನಗೆ ಗೊತ್ತು, ಅದು ಹಿಟ್ಟು’ ಎಂದು ಹೆಮ್ಮೆಪಡುತ್ತದೆ. ಮೂರು ವರ್ಷದ ಮಗುವಿಗೆ ಮಾತ್ರ ಒಬ್ಬ ಮನುಷ್ಯ ಕಣ್ಣೆದುರಿಗೇ ರಾಕ್ಷಸನಾಗುವುದನ್ನು ತೋರಿಸಿದಂತಾದೀತು. ಅಂಥ ಚಿಕ್ಕವರಿಗೆ ಮುಖವಾಡವನ್ನು ಅವರ ಕೈಯಲ್ಲೇ ಕೊಟ್ಟು, ಅವರೇ ಹಾಕಿ ತೆಗೆದು ಆಡಲು ಬಿಡುವುದು ಮೇಲು.

ನಂಬಿಕೆಯ ಈ ಬಲ ಎಷ್ಟೆಂಬುದಕ್ಕೆ ಲಂಡನ್ನಿನ ರಂಗಭೂಮಿಯ ಒಂದು ದೃಷ್ಟಾಂತವಿದೆ. ಜೆ. ಎಂ. ಬ್ಯಾರಿಯವರ ‘ಪೀಟರ್ ಪ್ಯಾನ್’ ನಾಟಕ ಅಲ್ಲಿ ೧೯೦೪ರ ಡಿಸೆಂಬರಿನಲ್ಲಿ ಮೊದಲು ಪ್ರಯೋಗವಾಯಿತು. ಅದರಲ್ಲಿ ಮಕ್ಕಳು ಹಾರುತ್ತಾರೆ. ನೋಡಿ ಮನೆಗೆ ಹೋದ ಮಕ್ಕಳು ಮಂಚದ ಮೇಲಿಂದ ಹಾರಲು ಹೋಗಿ ಪೆಟ್ಟು ಮಾಡಿಕೊಂಡರಂತೆ. ತಾಯ್ತಂದೆಗಳು ಕೇಳಿಕೊಂಡ ಮೇಲೆ, ಯಕ್ಷಿಣಿಯ ಧೂಳು ಮೈಮೇಲೆ ಬಿದ್ದಲ್ಲದೆ ಯಾರೂ ಹಾರಲಾಗದೆಂಬ ಅಂಶವನ್ನು ನಾಟಕಕ್ಕೆ ಸೇರಿಸಬೇಕಾಯಿತೆಂದು ಬ್ಯಾರಿಯವರೇ ಬರೆದಿದ್ದಾರೆ. ಹೆದರದ ಮಗುವೂ ನಂಬುತ್ತದೆ, ನಂಬಿ ಹಾರುತ್ತದೆ, ಇದನ್ನು ಮರೆಯಬಾರದು.

ಹಾಗಾದರೆ ಮಗು ಸಿದ್ಧವಾಯಿತೆಂದು ಮನೆಯಲ್ಲಿ ತಿಳಿಯುವ ಬಗೆ ಹೇಗೆ? ಅದರ ಆಟವನ್ನು ಗಮನಿಸಬೇಕು. ಮಗು ಖಾಲಿ ಲೋಟದಲ್ಲಿ ಚಹಾ ಕೊಡುತ್ತದೆ. ನೀವು ಕುಡಿದಂತೆ ಮಾಡಿ ‘ತುಂಬ ಬಿಸಿ’ ಎಂದರೆ ಊದಿ ಕೊಡುತ್ತದೆ. ಇದು ಎರಡು ವರ್ಷದ ಸುಮಾರಿಗೇ ಬರುತ್ತದೆ. ಮುಂದಿನ ಮೆಟ್ಟಿಲು ಮುಖ್ಯವಾದುದು. ನೀವು ಕರಡಿಯಾಗಿ ಗುರುಗುಟ್ಟಿದಾಗ ಮಗು ಕಿರಿಚಿ ಓಡಿ, ಮತ್ತೆ ಬಂದು ‘ಇನ್ನೊಮ್ಮೆ ಕರಡಿ ಆಗು’ ಎನ್ನುತ್ತದೆಯೇ? ‘ಈಗ ಸಾಕು, ಈಗ ಅಪ್ಪ ಆಗು’ ಎಂದು ತಾನೇ ಆಟವನ್ನು ನಿಲ್ಲಿಸಬಲ್ಲುದೇ? ಆಟದೊಳಕ್ಕೆ ಹೋಗುವ ಬಾಗಿಲೂ ಹೊರಕ್ಕೆ ಬರುವ ಬಾಗಿಲೂ ಮಗುವಿನ ಕೈಯಲ್ಲಿದ್ದರೆ ಅರ್ಧ ಸಿದ್ಧತೆ ಆದಂತೆಯೇ. ಇದು ಒಂದು ಮಗುವಿಗೆ ಮೂರಕ್ಕೆ ಬಂದೀತು, ಇನ್ನೊಂದಕ್ಕೆ ಐದಕ್ಕೆ. ಒಂದೇ ತಾಯಿಯ ಮಕ್ಕಳಲ್ಲೂ ವ್ಯತ್ಯಾಸವಿರುತ್ತದೆ.

ಇನ್ನೊಂದು ಗುರುತು, ಚಿತ್ರವಿಲ್ಲದ ಕತೆಯನ್ನು ಬಾಯಿಂದ ಹೇಳಿದರೆ ಎಷ್ಟು ಹೊತ್ತು ಕೇಳುತ್ತದೆ ಎಂಬುದು. ಹದಿನೈದು ಇಪ್ಪತ್ತು ನಿಮಿಷ ಕೇಳಿ, ‘ಆಮೇಲೆ?’ ಎಂದು ಕೇಳುವ ಮಗು ಮುಕ್ಕಾಲು ಗಂಟೆಯ ಮಕ್ಕಳ ನಾಟಕಕ್ಕೆ ಕೂರಬಲ್ಲುದು. ಹಾಡು ಕುಣಿತಗಳು ಉಳಿದ ಹೊತ್ತನ್ನು ಹೊತ್ತುಕೊಳ್ಳುತ್ತವೆ. ಮೊಬೈಲಿನ ಮುಂದೆ ಎರಡು ಗಂಟೆ ಅಲುಗಾಡದೆ ಕೂರುತ್ತಾನೆ, ನಾಟಕಕ್ಕೇಕೆ ಕೂರುವುದಿಲ್ಲವೆಂದು ತಂದೆಯೊಬ್ಬರು ನಮ್ಮೊಡನೆ ವಾದಿಸಿದ್ದರು. ಅದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಮೊಬೈಲಿನ ಚಿತ್ರ ಕ್ಷಣಕ್ಕೊಮ್ಮೆ ಬದಲಾಗುತ್ತದೆ, ಬೇಡವಾದರೆ ಬೆರಳಿನಿಂದ ನಿಲ್ಲುತ್ತದೆ, ಅಂಗೈಯಷ್ಟೇ ಇರುತ್ತದೆ. ರಂಗದ ಮೇಲಿನ ಮನುಷ್ಯ ಆಳೆತ್ತರ ಇದ್ದಾನೆ. ನಾವು ನೋಡುವಂತೆ ಅವನೂ ನಮ್ಮನ್ನು ನೋಡುತ್ತಾನೆ, ಬೇಡವೆಂದರೆ ಬಿಡುವುದಿಲ್ಲ. ಈ ಜೀವಂತಿಕೆಗಾಗಿಯೇ ಅಲ್ಲವೇ ನಾವು ಮಗುವನ್ನು ಕರೆದೊಯ್ಯುವುದು!

ತನಗೆ ಹೆದರಿಕೆಯಾಯಿತು, ಹೊರಗೆ ಹೋಗಬೇಕು ಎಂಬುದನ್ನು ಪಿಸುಮಾತಿನಲ್ಲಾದರೂ ಹೇಳಲು ಬರುವುದು ಮೂರನೆಯ ಗುರುತು. ಶೌಚದ ವಿಷಯವನ್ನು ಇದರಲ್ಲೇ ಸೇರಿಸಿಕೊಳ್ಳಬಹುದು.

ನಾಟಕದ ಆಯ್ಕೆಯಲ್ಲಿ ದೊಡ್ಡವರ ಊಹೆ ಅನೇಕ ಸಲ ತಲೆಕೆಳಗಾಗುತ್ತದೆ. ಕತ್ತಿ, ಕಾಳಗ, ಕೋರೆಹಲ್ಲುಗಳನ್ನೇ ನಾವು ಭಯಂಕರವೆಂದು ತಿಳಿಯುತ್ತೇವೆ. ಚಿಕ್ಕ ಮಗುವಿನ ಎದೆಯನ್ನು ತಟ್ಟುವುದು ತಾಯಿ ಮಕ್ಕಳು ಅಗಲುವುದು. ಪುಣ್ಯಕೋಟಿಯ ಕತೆಯನ್ನು ರಂಗಕ್ಕೆ ತಂದಾಗ ಹುಲಿ ಎಷ್ಟು ಗರ್ಜಿಸಿದರೂ ಮಕ್ಕಳು ತಡೆದುಕೊಳ್ಳುತ್ತಾರೆ. ಹಸು ಕರುವನ್ನು ಉಳಿದವರ ಕೈಗೊಪ್ಪಿಸಿ ಹೊರಟಾಗ ಸಭೆಯಲ್ಲಿ ಬಿಕ್ಕುವುದು ಕೇಳಿಸುತ್ತದೆ. ಆದರೆ ಹಸು ಹಿಂದಿರುಗುತ್ತದೆ. ಅಳುವ ಮಗುವನ್ನು ಆ ನಡುವಿನಲ್ಲಿ ಎತ್ತಿಕೊಂಡು ಹೊರಗೆ ಹೋದರೆ ಮಾತ್ರ ಅದರ ಪಾಲಿಗೆ ಹಸು ಎಂದೆಂದಿಗೂ ಹಿಂದಿರುಗಲಿಲ್ಲ! ಇಂಥ ಸಮಯದಲ್ಲಿ ‘ಬರುತ್ತದೆ, ನೋಡು, ಈಗ ಬರುತ್ತದೆ’ ಎಂದು ಕಿವಿಯಲ್ಲಿ ಹೇಳಿ ಹತ್ತು ನಿಮಿಷ ತಾಳುವುದು ಒಳ್ಳೆಯದು. ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿ ಬ್ರೌನಿಂಗ್ ಕವಿಯ ೧೮೪೨ರ ಕವನದಿಂದ ಹುಟ್ಟಿದುದು. ಇಲಿಗಳ ದಂಡು ಎಲ್ಲ ಮಕ್ಕಳಿಗೂ ಸಂತೋಷ ಕೊಡುತ್ತದೆ. ಆದರೆ ಕೊನೆಯಲ್ಲಿ ಊರ ಮಕ್ಕಳು ಬೆಟ್ಟದೊಳಗೆ ಹೋಗಿಬಿಡುತ್ತಾರೆ, ಕುಂಟ ಹುಡುಗನೊಬ್ಬ ಉಳಿಯುತ್ತಾನೆ. ಇದನ್ನು ಆರೇಳು ವರ್ಷದ ಮಗು ಬೆರಗಿನಿಂದ ಕಂಡೀತು. ನಾಲ್ಕರ ಮಗು ಮನೆಗೆ ಹೋಗಿ ಅಮ್ಮನ ಕೈ ಬಿಡದೆ ಮಲಗೀತು. ಹರಿಶ್ಚಂದ್ರನ ಕತೆಯನ್ನಂತೂ ಇನ್ನೂ ಮುಂದಕ್ಕೆ ಇಡುವುದು ಲೇಸು. ಹಾವು ಕಚ್ಚಿ ಸತ್ತ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಚಂದ್ರಮತಿ ಅಳುವ ಭಾಗ ದೊಡ್ಡವರಿಗೇ ಕಷ್ಟ.

ಯಕ್ಷಗಾನದ ಹಿಂದಿನವರು ಭಯವನ್ನು ಅಳತೆ ಹಾಕಿ ಕೊಡುವುದನ್ನು ಚೆನ್ನಾಗಿ ಬಲ್ಲವರು. ಬಣ್ಣದ ವೇಷ ಒಮ್ಮೆಗೇ ಮೈದೋರುವುದಿಲ್ಲ. ಹಿಡಿದ ತೆರೆಯ ಹಿಂದಿನಿಂದ ಕಿರೀಟ, ಹುಬ್ಬು, ಹೀಗೆ ಸ್ವಲ್ಪಸ್ವಲ್ಪವಾಗಿ ಕಾಣಿಸಿಕೊಳ್ಳುತ್ತದೆ. ಆದರೆ ದೇವಿಮಹಾತ್ಮೆಯ ಮಹಿಷಾಸುರ ದೊಂದಿಗಳೊಡನೆ ಜನರ ನಡುವಿನಿಂದಲೇ ಅಬ್ಬರಿಸುತ್ತ ಬರುತ್ತಾನೆ. ಚಿಕ್ಕ ಮಕ್ಕಳಿದ್ದವರು ಆ ದಾರಿಯ ಪಕ್ಕದಲ್ಲಿ ಕೂರಬಾರದು, ಧ್ವನಿವರ್ಧಕದ ಹತ್ತಿರವೂ ಕೂರಬಾರದು. ಎಳೆಯ ಕಿವಿಗೆ ಮುಚ್ಚಿದ ಸಭಾಗೃಹದ ಚೆಂಡೆಯೇ ಸಾಕಷ್ಟಾಗುತ್ತದೆ.

ಮುಂಬಯಿಯಲ್ಲಿರುವ ನಮಗೆ ಮರಾಠಿಯ ಬಾಲನಾಟ್ಯದ ನೆರೆ ದೊರೆತಿರುವುದು ದೊಡ್ಡ ಲಾಭ. ಸುಧಾ ಕರಮರಕರರು ೧೯೫೯ರಲ್ಲಿ ‘ಮಧುಮಂಜಿರಿ’ಯಿಂದ ಆರಂಭಿಸಿದ ಕಾರ್ಯವನ್ನು ರತ್ನಾಕರ ಮತಕರಿಯವರು ಮುಂದಿನ ದಶಕದಲ್ಲಿ ತಮ್ಮ ಬಾಲನಾಟ್ಯ ಸಂಸ್ಥೆಯ ಮೂಲಕ ಬೆಳೆಸಿದರು. ಮತಕರಿಯವರ ‘ಅಲಬತ್ಯಾ ಗಲಬತ್ಯಾ’ದ ಮಾಟಗಾತಿಯ ಪಾತ್ರವನ್ನು ಹಿಂದೆ ದಿಲೀಪ ಪ್ರಭಾವಳಕರರೂ, ೨೦೧೮ರಲ್ಲಿ ನಾಟಕ ಮತ್ತೆ ರಂಗವೇರಿದಾಗ ವೈಭವ ಮಾಂಗಲೆಯವರೂ ಮಾಡಿದರು. ಗಂಡಸು ಮಾಡುವ ಆ ಮಾಟಗಾತಿ ಹೆದರಿಸುತ್ತಲೇ ನಗಿಸುತ್ತಾಳೆ. ಹೆದರಿಕೆ ಹೆಚ್ಚಾಯಿತೆನ್ನುವಷ್ಟರಲ್ಲಿ ನಗೆ ಬಂದು ಅದನ್ನು ಇಳಿಸುತ್ತದೆ. ಕನ್ನಡದಲ್ಲೂ ಈ ಕೆಲಸ ಕಡಿಮೆಯಿಲ್ಲ. ಬಿ. ವಿ. ಕಾರಂತರು, ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಮಕ್ಕಳಿಗಾಗಿ ನಾಟಕ ಮಾಡಿಸಿದವರು; ೧೯೮೯ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರಂಗಾಯಣದ ಬೇಸಿಗೆಯ ಚಿಣ್ಣರ ಮೇಳ ಪ್ರಸಿದ್ಧವಾದುದು. ರಜೆಗೆ ಊರಿಗೆ ಹೋಗುವವರು ಅಂಥ ಪ್ರಯೋಗವಿದ್ದರೆ ವಿಚಾರಿಸಿ ನೋಡಬಹುದು.

ಭಾಷೆಯ ಮಾತನ್ನು ಇಲ್ಲಿ ಹೇಳಲೇಬೇಕು. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ ಮರಾಠಿ. ಕನ್ನಡವೆಂದರೆ ಊಟ, ಸ್ನಾನ, ಬೈಗುಳ, ಮುದ್ದು ಇಷ್ಟರ ಭಾಷೆ. ಅದೂ ಒಂದು ಮನೆಯಲ್ಲಿ ಧಾರವಾಡದ್ದು, ಇನ್ನೊಂದರಲ್ಲಿ ಕುಂದಾಪುರದ್ದು. ಎಷ್ಟೋ ಮನೆಗಳಲ್ಲಿ ತುಳು. ರಂಗದ ಮೇಲಿನ ಗ್ರಾಂಥಿಕ ಕನ್ನಡ ಮಗುವಿಗೆ ನಾಲ್ಕನೆಯ ಭಾಷೆಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಮಗು ಗಲಾಟೆ ಮಾಡಿತೆಂದು ನಾವು ಹೇಳುವಾಗ ಅನೇಕ ಸಲ ಅದಕ್ಕೆ ಮಾತು ತಿಳಿಯದೆ ಬೇಸರವಾಗಿರುತ್ತದೆ. ಹಿಂದಿನ ವಾರವೇ ಕತೆಯನ್ನು ಮನೆಯ ಕನ್ನಡದಲ್ಲಿ ಪೂರ್ತಿ, ಕೊನೆಯ ಸಮೇತ, ಎರಡು ಮೂರು ಸಲ ಹೇಳಿಡಬೇಕು. ಕೊನೆ ತಿಳಿದರೆ ಸ್ವಾರಸ್ಯ ಕೆಡುವುದೆಂಬ ಭಯ ದೊಡ್ಡವರದು. ಹೇಳಿದ ಕತೆಯನ್ನೇ ಪುನಃ ಹೇಳೆಂದು ಪೀಡಿಸುವ ಮಕ್ಕಳಿಗೆ ಆ ಭಯವಿಲ್ಲ. ಮನೆಯವರಲ್ಲದ ಹತ್ತು ಜನ ಗಟ್ಟಿಯಾಗಿ, ಚೆಂದವಾಗಿ ಕನ್ನಡ ಮಾತಾಡುವುದನ್ನು ಈ ಊರಿನಲ್ಲಿ ಬೆಳೆಯುವ ಮಗು ಇನ್ನೆಲ್ಲಿ ಕೇಳಬೇಕು?

ಸಂಘದ ಹವ್ಯಾಸಿ ನಾಟಕಗಳಲ್ಲಿ ವಿಶೇಷವಾದೊಂದು ತೊಡಕಿದೆ. ನಟರ ಮಕ್ಕಳೇ ಪ್ರೇಕ್ಷಕರು. ಒಂದು ವರ್ಷ, ರಂಗದ ಮೇಲೆ ಭಟರು ಕಟ್ಟಿಹಾಕಿದ ಕೈದಿಯನ್ನು ನೋಡಿ ನಾಲ್ಕು ವರ್ಷದ ಮಗನೊಬ್ಬ ನಡುದಾರಿಯಲ್ಲಿ ಸೀದಾ ನಡೆದುಹೋಗಿ, ‘ನಮ್ಮಪ್ಪನನ್ನು ಬಿಡಿ’ ಎಂದ. ಸಭೆ ನಕ್ಕಿತು, ಹುಡುಗ ನಗಲಿಲ್ಲ. ತಂದೆಯೋ ತಾಯಿಯೋ ಪಾತ್ರ ಮಾಡುವುದಿದ್ದರೆ ಮಗುವನ್ನು ತಾಲೀಮಿಗೆ ನಾಲ್ಕಾರು ಸಲ ಕರೆತರುವುದು ಉತ್ತಮ. ಹೊಡೆದಾಟ ಮುಗಿದೊಡನೆ ಭಟರೂ ಅಪ್ಪನೂ ಒಂದೇ ತಟ್ಟೆಯಿಂದ ಭಜಿ ತಿನ್ನುವುದನ್ನು ನೋಡಿದ ಮಗುವಿಗೆ ಬೇರೆ ವಿವರಣೆ ಬೇಡ.

ಇನ್ನು ಆ ದಿನದ ವ್ಯವಸ್ಥೆ. ಅರ್ಧ ಗಂಟೆ ಮುಂಚಿತವಾಗಿ ಬಂದು, ದೀಪಗಳಿರುವಾಗಲೇ ರಂಗ ಎಲ್ಲಿದೆ, ಬಾಗಿಲೆಲ್ಲಿದೆ ಎಂದು ತೋರಿಸಿ, ‘ಈಗ ದೀಪ ಆರುತ್ತದೆ, ನಾನು ಕೈ ಹಿಡಿದಿರುತ್ತೇನೆ’ ಎಂದು ಮೊದಲೇ ಹೇಳಬೇಕು. ಸಾಲಿನ ಕೊನೆಯ ಕುರ್ಚಿ ಹಿಡಿಯಬೇಕು. ಚೆನ್ನಾಗಿ ಕಾಣಲೆಂದು ಮೊದಲ ಸಾಲಿನಲ್ಲಿ ಕೂರಿಸುವುದು ಬೇಡ. ಅಲ್ಲಿಂದ ನಟನ ಬೆವರೂ ಕಾಣುತ್ತದೆ, ಕಣ್ಣೂ ಕಾಣುತ್ತದೆ. ಮಧ್ಯಾಹ್ನ ಮಗು ಮಲಗಿದ್ದಿರಬೇಕು. ಮಾಟುಂಗಾದಲ್ಲಿ ರಾತ್ರಿ ಹತ್ತಕ್ಕೆ ಮುಗಿಯುವ ನಾಟಕಕ್ಕೆ ಡೊಂಬಿವಲಿಯಿಂದ ಬರುವವರು ಹಿಂದಿರುಗುವ ಗಾಡಿಯನ್ನೂ ನಾಟಕದ ಭಾಗವೆಂದೇ ಲೆಕ್ಕ ಹಾಕಬೇಕು. ಎಷ್ಟೋ ಮಕ್ಕಳು ನಾಟಕವನ್ನಲ್ಲ, ಆ ಗಾಡಿಯ ನೂಕುನುಗ್ಗಲನ್ನು ನೆನಪಿಟ್ಟುಕೊಂಡು ಮುಂದಿನ ಸಲ ‘ಒಲ್ಲೆ’ ಎನ್ನುತ್ತವೆ.

ದೊಡ್ಡವರ ಸಿದ್ಧತೆ ಒಂದೇ: ನಡುವೆ ಎದ್ದು ಹೋಗಲು ಮನಸ್ಸಿರಬೇಕು. ದುಡ್ಡು ಕೊಟ್ಟಿದ್ದೇವೆಂದು ಹೆದರಿದ ಮಗುವನ್ನು ಗದರಿಸಿ ಕೂರಿಸಿದರೆ, ಅದರ ಸಾಲ ಮುಂದಿನ ನಾಲ್ಕು ವರ್ಷ ತೀರುವುದಿಲ್ಲ. ಗಂಡಹೆಂಡಿರಿಬ್ಬರೂ ಬಂದಿದ್ದರೆ ಯಾರು ಹೊರಗೆ ಹೋಗುವುದೆಂಬುದನ್ನು ಮನೆಯಲ್ಲೇ ಗೊತ್ತು ಮಾಡಿಕೊಂಡು ಬರಬೇಕು. ಪ್ರತಿ ಸಲವೂ ತಾಯಿಯೇ ಏಳುವುದನ್ನು ಬಾಗಿಲಲ್ಲಿ ನಿಂತು ನೋಡಿ ನೋಡಿ ನಮಗೆ ಬೇಸರ ಬಂದಿದೆ.

ತೀರ ಎಳೆಯ ಮಕ್ಕಳಿಗೆ ನಾಟಕವೇ ಸಲ್ಲದೆಂದು ಇದರಿಂದ ತಿಳಿಯಬಾರದು. ಇಟಲಿಯ ಬೊಲೊನ್ಯ ನಗರದ ಲಾ ಬರಾಕಾ ಎಂಬ ತಂಡ ೧೯೮೭ರಿಂದ ಮೂರು ವರ್ಷದೊಳಗಿನ ಕೂಸುಗಳಿಗೆಂದೇ ನಾಟಕ ಕಟ್ಟುತ್ತ ಬಂದಿದೆ. ಅಂಥ ಪ್ರಯೋಗಗಳು ಸಾಮಾನ್ಯವಾಗಿ ಅರ್ಧ ಗಂಟೆಯ ಆಚೀಚಿನವು. ಪೂರ್ತಿ ಕತ್ತಲೆ ಇಲ್ಲ, ಮಾತು ಸ್ವಲ್ಪ, ಪ್ರೇಕ್ಷಕರು ಕೆಲವೇ ಮಂದಿ. ನಮ್ಮ ಬಯಲಾಟದ ಚಾಪೆಯನ್ನು ಅವರು ಇನ್ನೊಂದು ದಾರಿಯಿಂದ ಹೋಗಿ ಕಂಡುಹಿಡಿದಂತೆ ನಮಗೆ ತೋರುತ್ತದೆ.

ನಮ್ಮ ವಾರ್ಷಿಕೋತ್ಸವದ ನಾಟಕದವರಲ್ಲಿ ಕೆಲವು ವಿನಂತಿಗಳಿವೆ. ಹಿಂದಿನ ಎರಡು ಸಾಲುಗಳನ್ನು ಮಕ್ಕಳಿರುವವರಿಗೆ ಕಾದಿರಿಸಿ, ಆ ಬದಿಯ ಒಂದು ಸಣ್ಣ ದೀಪವನ್ನು ಉಳಿಸಿ, ಹಿಂಬಾಗಿಲಿಗೆ ಅಗುಳಿ ಹಾಕದಿರಬೇಕು. ನಾಟಕದ ಅವಧಿಯನ್ನೂ, ಕತೆಯಲ್ಲಿ ಸಾವು, ಬೆಂಕಿ, ಗುಂಡಿನ ಸಪ್ಪಳ ಇವೆಯೇ ಎಂಬುದನ್ನೂ ಆಮಂತ್ರಣದಲ್ಲಿ ಒಂದು ಸಾಲಿನಲ್ಲಿ ತಿಳಿಸಬೇಕು. ಸಾಧ್ಯವಾದರೆ ಅಂತಿಮ ತಾಲೀಮನ್ನು ಭಾನುವಾರ ಬೆಳಿಗ್ಗೆ ಇಟ್ಟು, ಚಿಕ್ಕ ಮಕ್ಕಳ ತಾಯ್ತಂದೆಗಳನ್ನು ಅದಕ್ಕೆ ಕರೆಯಬಹುದು. ಅಲ್ಲಿ ಮಗು ಅತ್ತರೆ ಯಾರಿಗೂ ನಷ್ಟವಿಲ್ಲ, ನಟರಿಗೂ ಅಭ್ಯಾಸವಾದೀತು.

ನಾಟಕ ನೋಡಿ ಬಂದ ಮಗುವನ್ನು ‘ಏನು ಕಲಿತೆ?’ ಎಂದು ಕೂಡಲೇ ಪರೀಕ್ಷೆ ಮಾಡುವುದು ಬೇಡ. ಎರಡು ದಿನ ಬಿಟ್ಟು ನೋಡಿದರೆ ಅದು ಮಂಚಕ್ಕೆ ಹೊದಿಕೆ ಕಟ್ಟಿ ತೆರೆ ಮಾಡಿರುತ್ತದೆ. ಯಾವ ರಾಕ್ಷಸನನ್ನು ಕಂಡು ಮುಖ ಮುಚ್ಚಿಕೊಂಡಿತ್ತೋ ತಾನೇ ಆ ರಾಕ್ಷಸನಾಗಿರುತ್ತದೆ. ಆಗ ಮಾತು ಬೇಕಾದೀತು. ಅಂಥವರಿಗಾಗಿ ಕುವೆಂಪು ಅವರ ‘ನನ್ನ ಗೋಪಾಲ’, ‘ಮೋಡಣ್ಣನ ತಮ್ಮ’ ಹಾಗೂ ಇತರ ಮಕ್ಕಳ ನಾಟಕಗಳನ್ನು ನಮ್ಮ ವಾಚನಾಲಯದ ಕಿಟಕಿಯ ಪಕ್ಕದ ಕಪಾಟಿನ ಕೆಳಗಿನ ಸಾಲಿನಲ್ಲಿ, ಮಕ್ಕಳ ಕೈಗೆಟುಕುವಂತೆ ಇಡಲಾಗಿದೆ. ಸದಸ್ಯರಲ್ಲದವರೂ ಹೆಸರು ಬರೆಯಿಸಿ ಹದಿನೈದು ದಿನಗಳ ಮಟ್ಟಿಗೆ ಒಯ್ಯಬಹುದು.